ಗೋಡೆ, ಕುರ್ಚಿ ಮತ್ತು ಸಹಿ

ಪಾ. ರಂಜಿತ್ ನಿರ್ದೇಶನದ 'ಮದ್ರಾಸ್' ಸಿನಿಮಾ ತೆರೆಗೆ ಬಂದದ್ದು 2014ರ ಸೆಪ್ಟೆಂಬರಿನಲ್ಲಿ. ಹೊಟ್ಟೆಪಾಡಿಗೆ ಚೆನ್ನೈಗೆ ಬಂದು ನೆಲೆಸಿದ ನನ್ನಂಥ ಕನ್ನಡಿಗರಿಗೆ ಈ ಊರನ್ನು ಒಳಗಿನಿಂದ ತೋರಿಸಿದ ಸಿನಿಮಾ ಅದು. ಅಲ್ಲಿನ ಹೌಸಿಂಗ್ ಬೋರ್ಡ್ ಹುಡುಗರ ತಮಿಳು ಮೂವತ್ತು ದಿನದಲ್ಲಿ ಭಾಷೆ ಕಲಿಸುವ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಇಷ್ಟು ವರ್ಷಗಳಾದ ಮೇಲೆ ಅದರ ಬಗ್ಗೆ ಬರೆಯಲು ಕಾರಣವಿದೆ. ಆ ಸಿನಿಮಾ ಕೊನೆಯಲ್ಲಿ ಒಂದು ಪರಿಹಾರ ಸೂಚಿಸಿತ್ತು. 2022ರಲ್ಲಿ ಚೆನ್ನೈ ಮತ್ತು ನಾನು ವಾಸಿಸುವ ತಾಂಬರಂ, ಎರಡೂ ಊರುಗಳು ಆ ಪರಿಹಾರವನ್ನು ನಿಜ ಜೀವನದಲ್ಲಿ ಪರೀಕ್ಷೆಗೆ ಒಡ್ಡಿದವು. ಪರೀಕ್ಷೆಯ ಫಲಿತಾಂಶ ಇಟ್ಟುಕೊಂಡು ಸಿನಿಮಾವನ್ನು ಮತ್ತೆ ನೋಡಿದರೆ ಅದರ ಶಕ್ತಿಯೂ ಕಾಣುತ್ತದೆ, ಅದು ಎಲ್ಲಿ ನಿಂತುಬಿಟ್ಟಿತು ಎಂಬುದೂ ಕಾಣುತ್ತದೆ.

ನೋಡದವರಿಗಾಗಿ ಕಥೆ ಇಷ್ಟು. ಉತ್ತರ ಚೆನ್ನೈನ ಒಂದು ಹೌಸಿಂಗ್ ಬೋರ್ಡ್ ವಸತಿ. ಅದರ ನಡುವೆ ಒಂದು ದೊಡ್ಡ ಗೋಡೆ. ಗೋಡೆಯ ಮೇಲೆ ಸತ್ತುಹೋದ ನಾಯಕನೊಬ್ಬನ ಭಾರೀ ಚಿತ್ರ. ಎರಡು ರಾಜಕೀಯ ಬಣಗಳು ಆ ಗೋಡೆ ತಮ್ಮದೆಂದು ವರ್ಷಗಳಿಂದ ಬಡಿದಾಡುತ್ತಿವೆ. ಗೋಡೆಯ ಬುಡದಲ್ಲಿ ಹೆಣಗಳು ಬಿದ್ದಿವೆ. ಅನ್ಬು ಎಂಬ ಯುವಕ ಒಂದು ಬಣದ ಕಾರ್ಯಕರ್ತ. ಆ ಗೋಡೆಯನ್ನು ತನ್ನವರಿಗೆ ದಕ್ಕಿಸಬೇಕೆಂದು ಹೊರಟವನು. ಅವನ ಗೆಳೆಯ ಕಾಳಿ ಅದೇ ವಸತಿಯಿಂದ ಐಟಿ ಕಂಪನಿಗೆ ಕೆಲಸಕ್ಕೆ ಹೋಗುವ ಹುಡುಗ. ಅನ್ಬು ಕೊಲೆಯಾಗುತ್ತಾನೆ. ಅವನ ಬಣದ ನಾಯಕನೇ ಎದುರಾಳಿಯ ಜೊತೆ ಕೈಜೋಡಿಸಿದ್ದ ಎಂಬುದು ಕಾಳಿಗೆ ತಡವಾಗಿ ತಿಳಿಯುತ್ತದೆ. ಕೊನೆಗೆ ಆ ಚಿತ್ರ ಅಳಿಯುತ್ತದೆ, ಗೋಡೆ ಮಕ್ಕಳ ಓದಿನದಾಗುತ್ತದೆ.

ಸಿನಿಮಾದಲ್ಲಿ ಜಾತಿಯ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀಲಿ ಬಣ್ಣ ಹೇಳುತ್ತದೆ, ಅಂಬೇಡ್ಕರ್ ಚಿತ್ರ ಹೇಳುತ್ತದೆ, ಕಾಳಿಯ ಕೈಯಲ್ಲಿರುವ ಪುಸ್ತಕ ಹೇಳುತ್ತದೆ. ಈ ಸಂಯಮ ನನಗೆ ಇಷ್ಟ. ನಮ್ಮ ಆಫೀಸುಗಳಲ್ಲೂ ಜಾತಿ ಹೀಗೇ ಇರುತ್ತದಲ್ಲ. ಉತ್ತರ ಚೆನ್ನೈನಿಂದ ಒಂದು ಬಸ್ಸು, ಒಂದು ಲೋಕಲ್ ರೈಲು ಹಿಡಿದು ಕೆಲಸಕ್ಕೆ ಬರುವ ಹುಡುಗರನ್ನು ನಾನು ಬಲ್ಲೆ. ಮನೆ ಎಲ್ಲಿ ಎಂದರೆ ಬಡಾವಣೆಯ ಹೆಸರು ಹೇಳುವುದಿಲ್ಲ. 'ಸೆಂಟ್ರಲ್ ಹತ್ತಿರ ಸಾರ್' ಅನ್ನುತ್ತಾರೆ. ಬಡಾವಣೆಯ ಹೆಸರು ಹೇಳಿದರೆ ಕೇಳದ ಪ್ರಶ್ನೆಗೂ ಉತ್ತರ ಕೊಟ್ಟಂತಾಗುತ್ತದೆ ಎಂದು ಅವರಿಗೆ ಗೊತ್ತು.

ರಂಜಿತ್ ಕಂಡುಕೊಂಡ ಇನ್ನೊಂದು ದೊಡ್ಡ ಸಂಗತಿ ಇದು: ನಗರ ರಾಜಕೀಯದಲ್ಲಿ ಕೇರಿಯ ಹುಡುಗರಿಗೆ ಸಿಗುವುದು ಗೋಡೆ ಮಾತ್ರ. ಪೋಸ್ಟರ್ ಅಂಟಿಸುವ, ಬಾವುಟ ಕಟ್ಟುವ, ಕಟೌಟ್ ನಿಲ್ಲಿಸುವ ಹಕ್ಕಿಗಾಗಿ ಅವರು ತಮ್ಮತಮ್ಮಲ್ಲೇ ಹೊಡೆದಾಡುತ್ತಾರೆ. ಗೋಡೆಯಲ್ಲಿ ದುಡ್ಡಿಲ್ಲ, ಅಧಿಕಾರವಿಲ್ಲ, ನೀರಿನ ಪೈಪಿಲ್ಲ. ಆದರೂ ಪ್ರಾಣ ಕೊಡುವಷ್ಟು ಮಾನ ಅದರಲ್ಲಿದೆ ಎಂದು ನಂಬಿಸಲಾಗಿದೆ. ಆ ನಂಬಿಕೆಯಿಂದ ಲಾಭ ಪಡೆಯುವವರು ಗೋಡೆಯ ಹತ್ತಿರವೂ ಸುಳಿಯುವುದಿಲ್ಲ.

ಇಷ್ಟರವರೆಗೆ ಸಿನಿಮಾ ಅಸಾಧಾರಣವಾಗಿದೆ. ನನ್ನ ತಕರಾರು ಕೊನೆಯ ಬಗ್ಗೆ. ಗೋಡೆಯ ಮೇಲಿನ ನಾಯಕನನ್ನು ಅಳಿಸಿ, ಮಕ್ಕಳಿಗೆ ಓದು ಕಲಿಸಿ, ಓದಿದವರು ಮುಂದೆ ಬಂದರೆ ದಾರಿ ತೆರೆಯುತ್ತದೆ ಎನ್ನುತ್ತದೆ ಅದು. ಆ ಮಕ್ಕಳು ಓದಿ ದೊಡ್ಡವರಾಗಿ ನಗರಸಭೆಯ ಬಾಗಿಲಿಗೆ ಬಂದಾಗ ಏನಾಗುತ್ತದೆ? ಸಿನಿಮಾ ಅಲ್ಲಿಗೆ ಹೋಗುವುದಿಲ್ಲ. ಗೋಡೆಯ ಮೂಲೆಮೂಲೆ ಬಲ್ಲ ಕ್ಯಾಮೆರಾ ಪಾಲಿಕೆ ಕಟ್ಟಡದ ಮೆಟ್ಟಿಲು ಹತ್ತುವುದಿಲ್ಲ.

ಮೆಟ್ಟಿಲು ಹತ್ತಿದ್ದು ವಾಸ್ತವ. ತಾಂಬರಂ 2021ರ ನವೆಂಬರಿನಲ್ಲಿ ಮಹಾನಗರ ಪಾಲಿಕೆಯಾಯಿತು. ತಾಂಬರಂ, ಪಲ್ಲಾವರಂ, ಪಮ್ಮಲ್, ಅನಕಾಪುತ್ತೂರು, ಸೆಂಬಾಕ್ಕಂ ಎಂಬ ಐದು ಪುರಸಭೆಗಳನ್ನೂ, ಚಿಟ್ಲಪಾಕ್ಕಂ, ಮಾಡಂಬಾಕ್ಕಂ, ಪೆರುಂಗಳತ್ತೂರು ಮುಂತಾದ ಐದು ಪಟ್ಟಣ ಪಂಚಾಯತಿಗಳನ್ನೂ ಸೇರಿಸಿ 70 ವಾರ್ಡುಗಳನ್ನು ಮಾಡಿದರು. 2022ರ ಫೆಬ್ರವರಿಯಲ್ಲಿ ಚುನಾವಣೆ. ಮೇಯರ್ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲು. ಮಾರ್ಚ್ 4ರಂದು ಡಿಎಂಕೆಯ ಕೆ. ವಸಂತಕುಮಾರಿ ಮೊದಲ ಮೇಯರ್ ಆದರು. ವಯಸ್ಸು 25, ಎಂಜಿನಿಯರಿಂಗ್ ಪದವೀಧರೆ. ಅದೇ ದಿನ ಚೆನ್ನೈ ಪಾಲಿಕೆಯಲ್ಲಿ 28 ವರ್ಷದ ಆರ್. ಪ್ರಿಯಾ ಮೇಯರ್ ಆದರು. ಎಂ.ಕಾಂ. ಓದಿದವರು, ಉತ್ತರ ಚೆನ್ನೈನವರು, ಆ ನಗರದ ಮೊದಲ ದಲಿತ ಮಹಿಳಾ ಮೇಯರ್. ಆವಡಿ ಪಾಲಿಕೆಯ ಮೇಯರ್ ಸ್ಥಾನವೂ ಪರಿಶಿಷ್ಟ ಜಾತಿಗೆ ಮೀಸಲಾಗಿತ್ತು. ಅಂದರೆ ಮಹಾನಗರದ ಮೂರು ಪಾಲಿಕೆಗಳ ಮೂರು ಕುರ್ಚಿಗಳಲ್ಲೂ ಏಕಕಾಲಕ್ಕೆ ದಲಿತರು. ರಂಜಿತ್ ಸಿನಿಮಾದ ಕೊನೆಯ ದೃಶ್ಯದ ಮಕ್ಕಳೇ ಬೆಳೆದು ಬಂದಂತೆ.

ಇದನ್ನು ಹಗುರವಾಗಿ ನೋಡುವವನು ನಾನಲ್ಲ. 'ಮೀಸಲಾತಿಯಿಂದ ಬಂದ ಮೇಯರ್' ಎಂದು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಗುವವರಿದ್ದಾರೆ. ಅವರಿಗೆ ಮೇಲವಳವು ಗೊತ್ತಿಲ್ಲ. ಮಧುರೈ ಜಿಲ್ಲೆಯ ಆ ಪಂಚಾಯತಿಯ ಅಧ್ಯಕ್ಷ ಸ್ಥಾನ ದಲಿತರಿಗೆ ಮೀಸಲಾದಾಗ ಗೆದ್ದು ಬಂದ ಮುರುಗೇಶನ್ ಅವರನ್ನೂ, ಅವರ ಜೊತೆಗಿದ್ದ ಐವರನ್ನೂ 1997ರ ಜೂನ್ 30ರಂದು ಕೊಚ್ಚಿ ಕೊಂದರು. ಪಾಪ್ಪಾಪಟ್ಟಿ, ಕೀರಿಪಟ್ಟಿಗಳಲ್ಲಿ ಮೀಸಲು ಅಧ್ಯಕ್ಷ ಸ್ಥಾನಕ್ಕೆ ದಲಿತರು ಕೂರದಂತೆ ಮೇಲ್ಜಾತಿಗಳು ಸುಮಾರು ಹತ್ತು ವರ್ಷ ತಡೆದರು. 2006ರಲ್ಲಷ್ಟೇ ಸರಿಯಾದ ಚುನಾವಣೆ ಸಾಧ್ಯವಾಯಿತು. ಇಂಥ ರಾಜ್ಯದಲ್ಲಿ ಇಪ್ಪತ್ತೈದರ ದಲಿತ ಯುವತಿಯೊಬ್ಬಳು ಮೇಯರ್ ನಿಲುವಂಗಿ ತೊಟ್ಟು ಕೂರುವುದು ಸಣ್ಣ ಮಾತಲ್ಲ.

ಆದರೂ ಕೇಳಬೇಕಾದ್ದು ಉಳಿಯುತ್ತದೆ. ಕುರ್ಚಿಯಲ್ಲಿ ಕೂತವರ ಕೈಯಲ್ಲಿ ಏನಿದೆ?

ಪ್ರಾಜೆಕ್ಟ್ ನಡೆಸಿ ಹೊಟ್ಟೆ ಹೊರೆಯುವವನಾಗಿ ನಾನು ಯಾವ ವ್ಯವಸ್ಥೆಯನ್ನು ಕಂಡರೂ ಮೊದಲು ನೋಡುವುದು ಇಷ್ಟನ್ನೇ: ಕೆಲಸ ಕೆಟ್ಟಾಗ ಬೈಸಿಕೊಳ್ಳುವವರು ಯಾರು, ದುಡ್ಡಿನ ಫೈಲಿಗೆ ಸಹಿ ಹಾಕುವವರು ಯಾರು. ಇಬ್ಬರೂ ಒಬ್ಬರೇ ಆಗಿದ್ದರೆ ಅದು ಅಧಿಕಾರ. ಬೇರೆ ಬೇರೆಯಾಗಿದ್ದರೆ ಬೈಸಿಕೊಳ್ಳುವವರದು ಬರೀ ಪದವಿ. ತಮಿಳುನಾಡಿನ ಪಾಲಿಕೆಗಳಲ್ಲಿ ಕಾರ್ಯಾಂಗದ ಅಧಿಕಾರ ಇರುವುದು ರಾಜ್ಯ ಸರ್ಕಾರ ನೇಮಿಸುವ ಕಮಿಷನರ್ ಕೈಯಲ್ಲಿ. ಮೇಯರ್ ಸಭೆ ನಡೆಸುತ್ತಾರೆ, ಸಭೆ ನಿರ್ಣಯ ಮಾಡುತ್ತದೆ. ನಮ್ಮ ಕರ್ನಾಟಕದ ಪಾಲಿಕೆಗಳ ಕಥೆಯೂ ಇದೇ. ಮೇಲಾಗಿ ಮೇಯರ್ ಆಯ್ಕೆ ಜನರಿಂದ ನೇರವಾಗಿ ಆಗುವುದಿಲ್ಲ. 1996ರಲ್ಲಿ ಎಂ.ಕೆ. ಸ್ಟಾಲಿನ್ ಚೆನ್ನೈನ ಜನರಿಂದ ನೇರವಾಗಿ ಆಯ್ಕೆಯಾದ ಮೇಯರ್. ಅದಾದ ಮೇಲೆ ಪದ್ಧತಿ ಹಿಂದೆ ಮುಂದೆ ತೂಗಾಡಿ, 2022ರ ಹೊತ್ತಿಗೆ ಕೌನ್ಸಿಲರುಗಳೇ ಮೇಯರ್ ಆರಿಸುವ ಕ್ರಮ ಬಂದಿತ್ತು. ಕೌನ್ಸಿಲರುಗಳು ಆರಿಸುತ್ತಾರೆ ಅಂದರೆ ಪಕ್ಷ ಹೆಸರು ಕಳಿಸುತ್ತದೆ ಎಂದರ್ಥ. ಹೆಸರು ಕಳಿಸಿದವರಿಗೆ ಅದನ್ನು ಹಿಂಪಡೆಯುವುದೂ ಗೊತ್ತಿರುತ್ತದೆ.

ಇದಕ್ಕೆ ನೇರ ವಿರುದ್ಧವಾದ ಚಿತ್ರ ಅಮೆರಿಕದ ಶಿಕಾಗೋದಲ್ಲಿದೆ. ಹೋಲಿಸಿ ನೋಡಿದರೆ ನಮ್ಮ ಪರಿಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. 1983ರಲ್ಲಿ ಹೆರಾಲ್ಡ್ ವಾಷಿಂಗ್ಟನ್ ಆ ನಗರದ ಮೊದಲ ಕಪ್ಪು ಮೇಯರ್ ಆದರು. ಬಿಳಿಯ ಮತದಾರರಲ್ಲಿ ಬಹುಪಾಲು ಅವರ ವಿರುದ್ಧ ನಿಂತರೂ ಗೆದ್ದರು. ಅಲ್ಲಿ ಮೇಯರ್ ಅಂದರೆ ನಿಜವಾದ ಆಡಳಿತಗಾರ. ಹಾಗಾಗಿ ಅವರನ್ನು ಕಟ್ಟಿಹಾಕಲು ಕೌನ್ಸಿಲ್ ಟೊಂಕ ಕಟ್ಟಿತು. 50 ಸದಸ್ಯರಲ್ಲಿ 29 ಮಂದಿ ಎಡ್ವರ್ಡ್ ವರ್ಡೋಲಿಯಕ್ ನಾಯಕತ್ವದಲ್ಲಿ ಒಂದಾಗಿ ಸಮಿತಿಗಳನ್ನೆಲ್ಲ ಹಿಡಿದರು. ಮೇಯರ್ ಕಡೆಗೆ ಉಳಿದವರು 21. ಮೇಯರ್ ಕಳಿಸಿದ ನೇಮಕಾತಿಗಳನ್ನು 29 ಮಂದಿ ತಡೆಯುವರು; 29 ಮಂದಿ ಮಾಡಿದ್ದಕ್ಕೆ ಮೇಯರ್ ವೀಟೊ ಹಾಕುವರು. ಮೂರು ವರ್ಷ ಹೀಗೇ ನಡೆಯಿತು. ಆ ಜಗಳಕ್ಕೆ ಜನ 'ಕೌನ್ಸಿಲ್ ವಾರ್ಸ್' ಎಂದು ಹೆಸರಿಟ್ಟರು. ವಾರ್ಡುಗಳ ಗಡಿ ಕಪ್ಪು ಮತ್ತು ಲ್ಯಾಟಿನೋ ಮತದಾರರಿಗೆ ಅನ್ಯಾಯ ಮಾಡಿದೆ ಎಂದು ನ್ಯಾಯಾಲಯ ಹೇಳಿ, 1986ರಲ್ಲಿ ಏಳು ವಾರ್ಡುಗಳಿಗೆ ಮರುಚುನಾವಣೆ ನಡೆದ ಮೇಲೆ ಬಲ 25-25 ಆಯಿತು. ಸಮಬಲದಲ್ಲಿ ನಿರ್ಣಾಯಕ ಮತ ಮೇಯರದು. ಮರುವರ್ಷ ಮತ್ತೆ ಗೆದ್ದ ವಾಷಿಂಗ್ಟನ್, ಅದೇ 1987ರ ನವೆಂಬರಿನಲ್ಲಿ ತಮ್ಮ ಕಚೇರಿಯಲ್ಲೇ ಕುಸಿದು ತೀರಿಕೊಂಡರು.

ವಾಷಿಂಗ್ಟನ್ನರ ಕೈಯಲ್ಲಿ ಅಧಿಕಾರವಿತ್ತು, ಬಹುಮತವಿರಲಿಲ್ಲ. ನಮ್ಮ ಮೇಯರುಗಳ ಬೆನ್ನಿಗೆ ಭಾರೀ ಬಹುಮತವಿದೆ, ಅಧಿಕಾರವಿಲ್ಲ. ಅಲ್ಲಿ ಜನಾಂಗದ ಜಗಳ ಸಭೆಯೊಳಗೆ ಮೈಕ್ ಹಿಡಿದು ನಡೆಯಿತು, ಟಿವಿಯಲ್ಲಿ ಬಂತು, ಇತಿಹಾಸದ ಪುಸ್ತಕ ಸೇರಿತು. ಇಲ್ಲಿ ಜಗಳವೇ ಬೇಕಿಲ್ಲ. ಕುರ್ಚಿಯಲ್ಲಿ ತಡೆಯಬೇಕಾದಷ್ಟು ಬಲವೇ ಇಲ್ಲದಿರುವಾಗ ಅದನ್ನು ಯಾರು ಬೇಕಾದರೂ ಉದಾರವಾಗಿ ಬಿಟ್ಟುಕೊಡಬಹುದು.

ಇದು ಮದರಾಸಿಗೆ ಹೊಸದೇನಲ್ಲ. ಈ ಪಾಲಿಕೆ ಹುಟ್ಟಿದ್ದು 1688ರಲ್ಲಿ. ಮೊದಲ ಮೇಯರ್ ನಥಾನಿಯಲ್ ಹಿಗ್ಗಿನ್ಸನ್. ಅವನ ಜೊತೆ ಕೂತ ಆಲ್ಡರ್‌ಮನ್‌ಗಳಲ್ಲಿ ಇಂಗ್ಲಿಷರಲ್ಲದೆ ಪೋರ್ಚುಗೀಸರಿದ್ದರು, ಯಹೂದಿ ವ್ಯಾಪಾರಿಗಳಿದ್ದರು, ಹಿಂದೂಗಳಿದ್ದರು. ಕೇಳಲು ಚೆಂದವಾಗಿದೆ. ಕಂಪನಿಯ ಲೆಕ್ಕಾಚಾರ ಬೇರೆಯಿತ್ತು: ತಮ್ಮವರೇ ಸಭೆಯಲ್ಲಿ ಕೂತರೆ ಜನ ತಕರಾರಿಲ್ಲದೆ ತೆರಿಗೆ ಕಟ್ಟುತ್ತಾರೆ. ಮೇಜಿನ ಸುತ್ತ ಎಲ್ಲರಿಗೂ ಒಂದೊಂದು ಕುರ್ಚಿ. ಅಧಿಕಾರ ಕೋಟೆಯ ಗವರ್ನರ್ ಬಳಿ. ಊರು ಮಾತ್ರ ಬಣ್ಣದ ಪ್ರಕಾರವೇ ಹಂಚಿಹೋಗಿತ್ತು. ಬಿಳಿಯರಿದ್ದದ್ದು ವೈಟ್ ಟೌನ್, ಉಳಿದವರದು ಬ್ಲ್ಯಾಕ್ ಟೌನ್. ನಾವು ಇಂದು ಅಗ್ಗದ ಸಾಮಾನು ಹುಡುಕಿಕೊಂಡು ಹೋಗುವ ಜಾರ್ಜ್ ಟೌನಿನ ಹಳೆಯ ಹೆಸರು ಬ್ಲ್ಯಾಕ್ ಟೌನ್ ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಸ್ವಾತಂತ್ರ್ಯಕ್ಕೆ ಮೊದಲೇ ಈ ನಗರ ದಲಿತ ಮೇಯರುಗಳನ್ನು ಕಂಡಿದೆ. 1937ರಲ್ಲಿ ಜೆ. ಶಿವಷಣ್ಮುಗಂ ಪಿಳ್ಳೈ, 1945ರಲ್ಲಿ ಎನ್. ಶಿವರಾಜ್. ಅಂಬೇಡ್ಕರ್ ಜೊತೆ ರಾಜಕೀಯ ಮಾಡಿದ ಶಿವರಾಜ್ ಈ ಊರಿನ ಮೇಯರ್ ಆಗಿದ್ದರು ಎಂಬ ಸಂಗತಿಯೂ ಗೋಡೆಯ ಚಿತ್ರದಷ್ಟು ಎದ್ದು ಕಾಣುವುದಿಲ್ಲ.

ಕುರ್ಚಿ ಮತ್ತು ಸಹಿಯ ನಡುವಿನ ದೂರವನ್ನು 2025ರ ಆಗಸ್ಟ್ ತಿಂಗಳು ಎಲ್ಲರಿಗೂ ಕಾಣುವಂತೆ ತೋರಿಸಿತು. ಚೆನ್ನೈ ಪಾಲಿಕೆ ರಾಯಪುರಂ ಮತ್ತು ತಿರು.ವಿ.ಕ. ನಗರ ವಲಯಗಳ ಕಸದ ಕೆಲಸವನ್ನು ಖಾಸಗಿಗೆ ವಹಿಸಿದಾಗ, ಅಲ್ಲಿನ ಪೌರಕಾರ್ಮಿಕರು ಪಾಲಿಕೆಯ ಕೇಂದ್ರ ಕಚೇರಿಯಾದ ರಿಪನ್ ಕಟ್ಟಡದ ಹೊರಗೆ ಧರಣಿ ಕೂತರು. ಹೆಚ್ಚಿನವರು ಹೆಂಗಸರು, ಹೆಚ್ಚಿನವರು ದಲಿತರು. ಪಾಲಿಕೆಯ ನೇರ ನೌಕರಿ ಬೇಕು, ಇದ್ದ ಸಂಬಳ ಕಡಿಮೆಯಾಗಬಾರದು ಎಂಬುದು ಬೇಡಿಕೆ. ಮಳೆಯಲ್ಲೂ ಫುಟ್‌ಪಾತ್ ಬಿಡಲಿಲ್ಲ. ಹೈಕೋರ್ಟ್ ಆದೇಶದ ನಂತರ, ಹದಿಮೂರನೆಯ ದಿನದ ರಾತ್ರಿ, ಪೊಲೀಸರು ಅವರನ್ನು ಎತ್ತಿ ಬಸ್ಸಿಗೆ ಹಾಕಿದರು. ಸ್ವಾತಂತ್ರ್ಯ ದಿನಕ್ಕೆ ಇನ್ನೆರಡು ದಿನವಿತ್ತು.

ಕಟ್ಟಡದ ಒಳಗೆ ಆ ನಗರದ ಮೊದಲ ದಲಿತ ಮಹಿಳಾ ಮೇಯರ್ ಅವರ ಕೋಣೆ. ಹೊರಗೆ ಫುಟ್‌ಪಾತಿನ ಮೇಲೆ ದಲಿತ ಹೆಂಗಸರು. ಇದರಲ್ಲಿ ಮೇಯರ್ ಅವರ ಮನಸ್ಸು ಏನಿತ್ತು ಎಂದು ಊಹಿಸುವುದು ನನ್ನ ಕೆಲಸವಲ್ಲ. ಅದು ವಿಮರ್ಶೆಯೂ ಅಲ್ಲ. ಖಾಸಗಿಗೆ ವಹಿಸುವ ಕ್ರಮ ಎರಡು ದಶಕಗಳಿಂದ, ಪಕ್ಷ ಯಾವುದೇ ಇರಲಿ, ನಡೆದು ಬಂದದ್ದು. ಕುರ್ಚಿಯಲ್ಲಿ ಯಾರೇ ಕೂತಿದ್ದರೂ ಆ ಫೈಲು ಸಾಗುವ ದಾರಿ ಬದಲಾಗುತ್ತಿರಲಿಲ್ಲ. ಹುಡುಗರು ಓದಿದರು, ಕುರ್ಚಿಯೂ ಬಂತು, ಕಸದ ಗಾಡಿ ತಳ್ಳುವವರ ನೌಕರಿ ಮಾತ್ರ ಬೇರೆಲ್ಲೋ ತೀರ್ಮಾನವಾಯಿತು. 'ಮದ್ರಾಸ್' ಸಿನಿಮಾದ ಆಶಾವಾದ ಎಡವುವುದು ಇಲ್ಲೇ.

ಸಹಿ ಹಾಕುವ ಕೈ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮಲ್ಲೇ ಒಂದು ದೊಡ್ಡ ಉದಾಹರಣೆಯಿದೆ. ಕನ್ನಡ ಸಾಹಿತ್ಯ ಅದನ್ನು ವಿಚಿತ್ರವಾಗಿ ನೆನಪಿಟ್ಟುಕೊಂಡಿದೆ. ಬಿ. ಬಸವಲಿಂಗಪ್ಪ ಅಂದರೆ ನಮಗೆಲ್ಲ ತಟ್ಟನೆ ನೆನಪಾಗುವುದು 'ಬೂಸಾ'. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದು 1973ರಲ್ಲಿ ಅವರಾಡಿದ ಮಾತು, ಬೀದಿಗಿಳಿದ ವಿದ್ಯಾರ್ಥಿಗಳು, ದಲಿತ ಹುಡುಗರ ಮೇಲಾದ ಹಲ್ಲೆಗಳು, ಅರಸು ಸಂಪುಟದಿಂದ ಅವರ ನಿರ್ಗಮನ, ಮುಂದೆ ದಲಿತ ಚಳವಳಿ ಹುರಿಗೊಂಡದ್ದು. ಇವನ್ನೆಲ್ಲ ನಾವು ಸಾಹಿತ್ಯ ಚರಿತ್ರೆಯ ಪಾಠವಾಗಿ ಓದಿದ್ದೇವೆ. ಅದೇ ಬಸವಲಿಂಗಪ್ಪ ಪೌರಾಡಳಿತ ಸಚಿವರಾಗಿ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಸಾವಿರಾರು ತಲೆಗಳ ಮೇಲಿನ ಬಕೆಟ್ಟು ಇಳಿಸಿದ ಆ ಆದೇಶ ಒಂದು ಫೈಲು, ಒಂದು ಸಹಿ. ಮಾತಿಗೆ ಇಷ್ಟು ಪುಟಗಳು ಸಿಕ್ಕವು. ಸಹಿಗೆ ಕೆಲವು ಸಾಲುಗಳು. ಸಾಹಿತ್ಯದವರಿಗೆ ಸಾಹಿತ್ಯದ ಬಗೆಗಿನ ಬೈಗುಳವೇ ದೊಡ್ಡ ಘಟನೆಯಾಗಿ ಕಂಡದ್ದು ಸಹಜವಿರಬಹುದು. ಆದರೂ ನಮ್ಮ ಗಮನ ಎಲ್ಲಿರುತ್ತದೆ ಎಂಬುದನ್ನು ಅದು ಹೇಳುತ್ತದೆ.

ನಮ್ಮ ಗಮನ ಗೋಡೆಯ ಮೇಲಿರುತ್ತದೆ. ಬೆಳಗಾವಿ ಮಹಾನಗರ ಪಾಲಿಕೆಯನ್ನು ನೋಡಿ. 2005ರಲ್ಲಿ ಅಲ್ಲಿನ ಕೌನ್ಸಿಲ್ ಮಹಾರಾಷ್ಟ್ರ ಸೇರುವ ಪರವಾಗಿ ನಿರ್ಣಯ ಮಾಡಿತು. ಬೆಂಗಳೂರಿನಲ್ಲಿ ಮೇಯರ್ ವಿಜಯ್ ಮೋರೆ ಅವರ ಮುಖಕ್ಕೆ ಮಸಿ ಬಳಿದರು. ಸರ್ಕಾರ ಕೌನ್ಸಿಲನ್ನೇ ವಿಸರ್ಜಿಸಿತು. ವರ್ಷಗಟ್ಟಲೆ ಅಲ್ಲಿನ ಚುನಾವಣೆ ಕನ್ನಡವೋ ಮರಾಠಿಯೋ ಎಂಬ ಒಂದೇ ಪ್ರಶ್ನೆಯ ಮೇಲೆ ನಡೆಯಿತು. 2021ರಲ್ಲಿ ಮೊದಲ ಬಾರಿಗೆ ಪಕ್ಷಗಳ ಚಿಹ್ನೆಯ ಮೇಲೆ ಚುನಾವಣೆಯಾಗಿ 58ರಲ್ಲಿ 35 ವಾರ್ಡು ಬಿಜೆಪಿಗೆ ಬಂದವು. ಕನ್ನಡಿಗನಾಗಿ ಬೆಳಗಾವಿ ಯಾರದೆಂಬ ವಿಷಯದಲ್ಲಿ ನನಗೆ ಗೊಂದಲವಿಲ್ಲ. ಆದರೆ ಬಾವುಟದ ಸುದ್ದಿ ಎಷ್ಟೋ ಓದಿದ ನಾನು, ಅದೇ ಪಾಲಿಕೆಯ ನೀರು, ಚರಂಡಿ, ಪೌರಕಾರ್ಮಿಕರ ಸಂಬಳದ ಸುದ್ದಿ ಓದಿದ್ದು ಬಹಳ ಕಡಿಮೆ. ರಂಜಿತ್ ತೋರಿಸಿದ ಗೋಡೆ ಅಲ್ಲೂ ಇದೆ. ಬೆಂಗಳೂರಿನಲ್ಲಂತೂ ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕುರ್ಚಿಯೇ ಖಾಲಿ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಅಷ್ಟೂ ದಿನ ಅಧಿಕಾರಿಗಳೇ ಊರು ನಡೆಸಿದರು. ಚೆನ್ನೈ 1973ರಿಂದ 1996ರವರೆಗೆ ಹೀಗೇ ಇತ್ತು, 2016ರಿಂದ 2022ರವರೆಗೆ ಮತ್ತೆ ಹೀಗೇ. ಕುರ್ಚಿಯಿಲ್ಲದೆಯೂ ಊರು ನಡೆಯುತ್ತದೆ ಅಂದರೆ ಕುರ್ಚಿಗೆ ಎಷ್ಟು ಬಲ ಕೊಟ್ಟಿದ್ದೇವೆ ಎಂದು ಲೆಕ್ಕ ಹಾಕಬಹುದು.

ಇಷ್ಟೆಲ್ಲ ಹೇಳಿದ್ದು ರಂಜಿತ್ ಅವರನ್ನು ದೂರಲಿಕ್ಕಲ್ಲ. 2014ರಲ್ಲಿ ಗೋಡೆಯ ಸುತ್ತ ಅಂಥ ಸಿನಿಮಾ ಮಾಡಲು ಧೈರ್ಯ ಬೇಕಿತ್ತು. ನಗರದ ಜಾತಿ ರಾಜಕೀಯದ ಬಗ್ಗೆ ಕನ್ನಡದಲ್ಲಿ ಅಷ್ಟು ನೇರವಾದ ಜನಪ್ರಿಯ ಸಿನಿಮಾ ಯಾವುದೆಂದು ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ಬೆಂಗಳೂರಿನ ಶ್ರೀರಾಮಪುರದ ಬದುಕಿದೆ, ಕೇರಿಯೊಳಗಿನಿಂದ ಬಂದ ನಗು ಇದೆ. ಆ ಕೇರಿಯಿಂದ ಪಾಲಿಕೆಗೆ ಹೋದವರ ಕಥೆ ಇನ್ನೂ ಯಾರಾದರೂ ಬರೆಯಬೇಕು. ನಮ್ಮ ಕಥೆಗಾರರು ನಗರ ಅಂದ ಕೂಡಲೇ ಒಂಟಿತನ, ಬಾಡಿಗೆ ಮನೆ, ಟ್ರಾಫಿಕ್ ಬರೆಯುತ್ತೇವೆ. ಈ ಪತ್ರಿಕೆಯಲ್ಲೇ ಎಷ್ಟೋ ಅಂಥವು ಬಂದಿವೆ, ಒಳ್ಳೆಯವೂ ಇವೆ. ವಾರ್ಡ್ ಆಫೀಸು ಒಂದರಲ್ಲೂ ಇಲ್ಲ. ಟೆಂಡರ್ ಫೈಲಿನಲ್ಲಿ ಕಥೆಯಿಲ್ಲ ಎಂದು ಯಾರು ಹೇಳಿದರು? ಗೆದ್ದು ಬಂದ ಹೆಣ್ಣುಮಗಳು ಸಭೆಯಲ್ಲಿ ಕೂತಿರುವಾಗ ಅಜೆಂಡಾ ಪುಸ್ತಕ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ, ಗಂಡನೋ ಪಕ್ಷದ ವೃತ್ತ ಕಾರ್ಯದರ್ಶಿಯೋ ಎಲ್ಲಿ ನಿಂತಿರುತ್ತಾನೆ, ಅವಳು ಮೊದಲ ಸಲ ಕಮಿಷನರಿಗೆ ಎದುರು ಮಾತಾಡಿದ ದಿನ ಏನಾಗುತ್ತದೆ? ಅನ್ಬು ಸತ್ತದ್ದಕ್ಕಿಂತ ಕಡಿಮೆ ನಾಟಕ ಅದರಲ್ಲಿಲ್ಲ.

ಇದರಲ್ಲಿ ನಮಗೇನು, ನಾವು ಹೊರಗಿನವರು ಎನ್ನುವ ಗೆಳೆಯರಿದ್ದಾರೆ. ತಾಂಬರಂ ಪಾಲಿಕೆಗೆ ಆಸ್ತಿ ತೆರಿಗೆ ನಾವೂ ಕಟ್ಟುತ್ತೇವೆ. 2015ರ ಡಿಸೆಂಬರಿನಲ್ಲಿ ಮುಡಿಚ್ಚೂರಿನ ಮನೆಗಳಿಗೆ ನುಗ್ಗಿದ ನೀರು ತಮಿಳರ ಮನೆ ಯಾವುದು, ಕನ್ನಡಿಗರ ಮನೆ ಯಾವುದು ಎಂದು ನೋಡಲಿಲ್ಲ. ಮುಂಜಾನೆ ಐದೂವರೆಗೆ ನಮ್ಮ ಬೀದಿಗೆ ಕಸದ ಗಾಡಿ ತರುವ ಹೆಂಗಸನ್ನು ತಮಿಳಿನಲ್ಲಿ ಈಗ 'ತೂಯ್ಮೈ ಪಣಿಯಾಳರ್' ಎನ್ನಬೇಕು. ಕನ್ನಡದಲ್ಲಿ ನಾವು 'ಪೌರಕಾರ್ಮಿಕ' ಎಂದು ಗೌರವದ ಹೆಸರು ಕೊಟ್ಟಂತೆಯೇ. ಹೆಸರು ಬದಲಾಗಿದೆ, ಬಹಳ ಒಳ್ಳೆಯದು. ಅವರಿಗೆ ತಿಂಗಳ ಸಂಬಳ ಕೊಡುವವರು ಪಾಲಿಕೆಯೋ ಗುತ್ತಿಗೆದಾರನೋ ಎಂದು ತಿಳಿಯಬೇಕಾದರೆ ಅವರನ್ನೇ ಕೇಳಿ ನೋಡಿ, ಮೇಯರ್ ಹೆಸರು ಹೇಳುವುದಿಲ್ಲ. ಒಬ್ಬ ಮೇಸ್ತ್ರಿಯ ಹೆಸರು ಹೇಳುತ್ತಾರೆ.